ಸಿಂಗಪುರ–ನ್ಯೂಯಾರ್ಕ್: ದೂರ ಎಷ್ಟು, ಗಂಟೆ ಎಷ್ಟು? ಒಂದೊಂದು ಕಡೆ ಒಂದೊಂದು ಲೆಕ್ಕ

ಪ್ರಯಾಣಪ್ರಿಯ
ಸಿಂಗಪುರದ ಚಾಂಗಿಯಿಂದ ನ್ಯೂಯಾರ್ಕಿನ ಕೆನಡಿ ನಿಲ್ದಾಣಕ್ಕೆ ಎಲ್ಲೂ ನಿಲ್ಲದೆ ಹೋಗುವ ವಿಮಾನ ಇದೆಯಲ್ಲ, ಅದರ ಬಗ್ಗೆ ಒಂದು ಪ್ರಶ್ನೆ. ದೂರ ಹುಡುಕಿದರೆ ಒಂದು ಕಡೆ 15,349 ಅಂತಿದೆ, ಇನ್ನೊಂದು ಕಡೆ 15,340ರ ಹತ್ತಿರ, ಮತ್ತೊಂದು ಕಡೆ 9,537, ಮಗದೊಂದು ಕಡೆ 8,288. ಯಾವುದೋ ಹಳೇ ಸುದ್ದಿಯಲ್ಲಿ 16,700 ಅಂತಲೂ ಓದಿದೆ. ಸಮಯದ್ದೂ ಇದೇ ಕಥೆ. ದೂರ ಹಾಕಿದರೆ ಗಂಟೆ ಹೇಳುವ ಕ್ಯಾಲ್ಕುಲೇಟರ್ 17 ಅನ್ನುತ್ತೆ, ವೇಳಾಪಟ್ಟಿಯಲ್ಲಿ ಹೋಗೋಕೆ ಸುಮಾರು 18 ಗಂಟೆ 40 ನಿಮಿಷ, ಬರೋಕೆ ಅದಕ್ಕಿಂತ ಸ್ವಲ್ಪ ಜಾಸ್ತಿ. ಅಮ್ಮನನ್ನು ಕರ್ಕೊಂಡು ಹೋಗಬೇಕು. ಅವರು ಎಷ್ಟು ಹೊತ್ತು ಕೂತಿರಬೇಕಾಗುತ್ತೆ ಅನ್ನೋದು ನನಗೆ ಮುಖ್ಯ. ಯಾವ ಅಂಕಿ ನಂಬಲಿ?

ಅಳತೆಕೋಲು
ಮೊದಲು ಅಂಕಿಗಳನ್ನು ಬಿಡಿಸೋಣ. 15,349 ಕಿಲೋಮೀಟರ್, 9,537 ಮೈಲಿ, 8,288 ನಾಟಿಕಲ್ ಮೈಲಿ, ಈ ಮೂರೂ ಒಂದೇ ದೂರ. ವಿಮಾನದವರ ಲೆಕ್ಕವೆಲ್ಲ ನಾಟಿಕಲ್ ಮೈಲಿಯಲ್ಲಿ, ಒಂದಕ್ಕೆ 1.852 ಕಿ.ಮೀ. ಕೆಲವು ತಾಣಗಳು ಯಾವ ಮೈಲಿ ಅಂತಲೇ ಬರೆಯಲ್ಲ, ಅಲ್ಲೇ ಅರ್ಧ ಜನ ಮೋಸ ಹೋಗೋದು.

15,340ರ ಹತ್ತಿರದ ಅಂಕಿ ಬರೋದು ಭೂಮಿಯನ್ನು 6,371 ಕಿ.ಮೀ. ತ್ರಿಜ್ಯದ ಪಕ್ಕಾ ಗುಂಡು ಅಂದುಕೊಂಡಾಗ. ಭೂಮಿ ಹಾಗಿಲ್ಲ. ಸಮಭಾಜಕದಲ್ಲಿ ತ್ರಿಜ್ಯ 6,378, ಧ್ರುವದ ಕಡೆ 6,357. ಆ ಚಪ್ಪಟೆತನ ಸೇರಿಸಿ ಲೆಕ್ಕ ಮಾಡಿದರೆ 15,349.

16,700 ಬೇರೆಯೇ ಜಾತಿ. ಅದು ವಿಮಾನ ಹಾರುವ ದಾರಿಯ ಉದ್ದ.

ಕಿಟಕಿಸೀಟು
ಹತ್ತು ಕಿಲೋಮೀಟರ್ ಅಂದ್ರೆ ವಿಮಾನಕ್ಕೆ ಒಂದು ನಿಮಿಷ ಕೂಡ ಇಲ್ಲ. ಅದನ್ನು ಬಿಟ್ಟುಬಿಡಿ, 16,700 ಯಾಕೆ ಅಂತ ಕೇಳಿ.

ಮೋಡದಾಚೆ
ಹೌದು, ನನಗೂ ಅದೇ ಅರ್ಥ ಆಗದ್ದು. ಹತ್ತಿರದ ದಾರಿ ಇರುವಾಗ 1,300 ಕಿ.ಮೀ. ಸುತ್ತಿಕೊಂಡು ಯಾಕೆ ಹೋಗಬೇಕು? ಇಂಧನ ಪುಕ್ಕಟೆಯಾ?

ರೇಖಾಂಶ
ಸುತ್ತಿನ ವಿಷಯಕ್ಕೆ ಮುಂಚೆ ಹತ್ತಿರದ ದಾರಿ ಯಾವುದು ಅಂತ ನೋಡಿ. ಬಹಳ ಚೆಂದದ ಲೆಕ್ಕ ಇದು, ಕಾಗದ ಪೆನ್ಸಿಲ್ ಸಾಕು.

ಚಾಂಗಿ ಇರೋದು ಪೂರ್ವ ರೇಖಾಂಶ ಸುಮಾರು 104 ಡಿಗ್ರಿಯಲ್ಲಿ. ಕೆನಡಿ ಪಶ್ಚಿಮ 73.8ರಲ್ಲಿ. ಎರಡೂ ಕೂಡಿಸಿದರೆ 177.8. ಅಂದರೆ ಎರಡು ಊರುಗಳೂ ಭೂಮಿಯ ಹೆಚ್ಚುಕಡಿಮೆ ಎದುರುಬದುರು ಮಗ್ಗುಲಲ್ಲಿವೆ. ಹಾಗಿದ್ದಾಗ ಅತಿ ಹತ್ತಿರದ ದಾರಿ ಉತ್ತರ ಧ್ರುವದ ನೆತ್ತಿಯ ಮೇಲೆ! ಚಾಂಗಿಯ ಅಕ್ಷಾಂಶ 1.36, ಅಲ್ಲಿಂದ ಧ್ರುವಕ್ಕೆ 88.64 ಡಿಗ್ರಿ. ಧ್ರುವದಿಂದ ಕೆನಡಿಗೆ (ಅಕ್ಷಾಂಶ 40.64) 49.36 ಡಿಗ್ರಿ. ಒಟ್ಟು 138. ಒಂದು ಡಿಗ್ರಿಗೆ 60 ನಾಟಿಕಲ್ ಮೈಲಿ. 138ನ್ನು 60ರಿಂದ ಗುಣಿಸಿದರೆ 8,280. ಮೇಲೆ ಹೇಳಿದ 8,288ಕ್ಕೆ ಎಷ್ಟು ಹತ್ತಿರ ಬಂತು ನೋಡಿ. ಪಕ್ಕಾ ಮಹಾವೃತ್ತ, ಅಂದರೆ ಗುಂಡು ಭೂಮಿಯ ಮೇಲೆ ಎರಡು ಊರನ್ನು ಸೇರಿಸುವ ಅತಿ ಹತ್ತಿರದ ಗೆರೆ, ಧ್ರುವದಿಂದ 300 ಕಿ.ಮೀ.ಗೂ ಕಡಿಮೆ ದೂರದಲ್ಲಿ ಹಾದು ಹೋಗುತ್ತೆ.

ಮೋಡದಾಚೆ
ಧ್ರುವನಾ? ಗೋಡೆ ಮೇಲಿನ ನಕಾಶೆಯಲ್ಲಿ ಸಿಂಗಪುರದಿಂದ ಎಡಕ್ಕೆ ಸ್ಕೇಲ್ ಇಟ್ಟು ಗೆರೆ ಎಳೆದರೆ ಅರಬ್ಬಿ ಸಮುದ್ರ, ಆಫ್ರಿಕಾ, ಅಟ್ಲಾಂಟಿಕ್ ಮೇಲೆ ಬರುತ್ತಲ್ಲ.

ರೇಖಾಂಶ
ಆ ನಕಾಶೆ ಹಡಗಿನವರಿಗೆ ಅಂತ 1569ರಲ್ಲಿ ಮರ್ಕೇಟರ್ ಮಾಡಿದ ಕ್ರಮದ್ದು. ದಿಕ್ಕು ಸರಿಯಾಗಿ ತೋರಿಸುತ್ತೆ, ದೂರ ಅಲ್ಲ. ಮೇಲೆ ಹೋದ ಹಾಗೆಲ್ಲ ಹಿಗ್ಗಿಸುತ್ತೆ, ಧ್ರುವವನ್ನಂತೂ ಅದರಲ್ಲಿ ತೋರಿಸೋಕೇ ಆಗಲ್ಲ. ಗ್ಲೋಬ್ ತಗೊಳ್ಳಿ, ಎರಡು ಊರಿನ ಮಧ್ಯೆ ದಾರ ಬಿಗಿಯಾಗಿ ಹಿಡೀರಿ. ದಾರ ತಾನೇ ಜಾರಿ ಮೇಲಕ್ಕೆ ಹೋಗಿ ನಿಲ್ಲುತ್ತೆ.

ಗಾಳಿಪಟ
ಈಗ ನನ್ನ ಇಷ್ಟದ ಭಾಗ ಬಂತು. ವಿಮಾನ ನೆಲದ ಮೇಲೆ ಹೋಗಲ್ಲ, ಗಾಳಿಯೊಳಗೆ ಹೋಗುತ್ತೆ. ಹರಿಯುವ ಹೊಳೆಯಲ್ಲಿ ದೋಣಿ ಹೋದ ಹಾಗೆ. ಹುಟ್ಟು ಹಾಕುವ ಕೈ ಅದೇ, ದೋಣಿ ಅದೇ, ಆದರೆ ನೀರಿನ ಜೊತೆ ಹೋದರೆ ಒಂದು ಹೊತ್ತು, ಎದುರು ಹೋದರೆ ಇನ್ನೊಂದು.

11 ಕಿ.ಮೀ. ಎತ್ತರದಲ್ಲಿ ಹೊರಗೆ ಸುಮಾರು ಮೈನಸ್ 56 ಡಿಗ್ರಿ. ಅಲ್ಲಿ ಶಬ್ದದ ವೇಗ ಗಂಟೆಗೆ 1,062 ಕಿ.ಮೀ. ದೊಡ್ಡ ವಿಮಾನಗಳು ಅದರ 0.85 ಪಾಲಿನಲ್ಲಿ ಹಾರುತ್ತವೆ, ಅಂದರೆ 900ರ ಆಸುಪಾಸು. ಆ ಕ್ಯಾಲ್ಕುಲೇಟರ್ ಮಾಡಿದ್ದು ಇಷ್ಟೇ: 15,349ನ್ನು 900ರಿಂದ ಭಾಗಿಸಿ 17 ಅಂದಿತು. ಗಾಳಿ ಎಲ್ಲಿ ಹೋಯ್ತು? ಅದೇ ಎತ್ತರದಲ್ಲಿ ಜೆಟ್ ಸ್ಟ್ರೀಮ್ ಇರುತ್ತೆ, ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಗಾಳಿಯ ಪಟ್ಟಿ. ಚಳಿಗಾಲದಲ್ಲಿ ಜಪಾನ್ ಮತ್ತು ಉತ್ತರ ಪೆಸಿಫಿಕ್ ಮೇಲೆ ಅದರ ಅಬ್ಬರ ಜೋರು, ಗಂಟೆಗೆ 200 ಕಿ.ಮೀ. ದಾಟೋದು ಅಲ್ಲಿ ಮಾಮೂಲು. ಅದನ್ನು ಬೆನ್ನಿಗೆ ಹಾಕಿಕೊಂಡರೆ 1,300 ಕಿ.ಮೀ. ಸುತ್ತಿನಿಂದ ಆದ ನಷ್ಟ ತುಂಬಿ ಬರುತ್ತೆ.

2018ರ ಅಕ್ಟೋಬರ್ 11ರಂದು ಸಿಂಗಪುರ್ ಏರ್‌ಲೈನ್ಸ್ ಇದನ್ನು ಮತ್ತೆ ಶುರು ಮಾಡಿತಲ್ಲ, ಆಗ ನ್ಯೂಯಾರ್ಕ್ ಪಕ್ಕದ ನೆವಾರ್ಕ್ ನಿಲ್ದಾಣಕ್ಕೆ, ಆ ಮೊದಲ ಹಾರಾಟ ಪೆಸಿಫಿಕ್ ಮೇಲೆ ಹೋಗಿ 17 ಗಂಟೆ 52 ನಿಮಿಷಕ್ಕೆ ತಲುಪಿತ್ತು. ಕೆನಡಿಗೆ ಹಾರಲು ಶುರುವಾದದ್ದು 2020ರ ನವೆಂಬರ್‌ನಲ್ಲಿ.

ಮೋಡದಾಚೆ
ಹಾಗಾದರೆ ಬರುವಾಗ ಅದೇ ಗಾಳಿ ಎದುರಿಗೆ ಬಂದು 21–22 ಗಂಟೆ ಆಗಬೇಕಿತ್ತು. ಆದರೆ ವೇಳಾಪಟ್ಟಿಯಲ್ಲಿ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಇದೆ. ನಿಮ್ಮ ವಾದ ಬಿತ್ತು.

ಗಾಳಿಪಟ
ಬೀಳಲಿಲ್ಲ, ಇಲ್ಲೇ ಇರೋದು ಇದರ ಸೊಗಸು! ಎದುರುಬದುರು ಮಗ್ಗುಲಲ್ಲಿರೋ ಊರುಗಳು ಅಂತ ರೇಖಾಂಶ ಹೇಳಿದ್ರಲ್ಲ. ಹಾಗಿದ್ದಾಗ ಬಲಗಡೆಯಿಂದ ಹೋದರೂ ಎಡಗಡೆಯಿಂದ ಹೋದರೂ ದೂರ ಹೆಚ್ಚುಕಡಿಮೆ ಅಷ್ಟೇ. ಅದಕ್ಕೇ ಸಿಂಗಪುರದಿಂದ ಹೋಗುವಾಗ ಎಷ್ಟೋ ಸಲ ಪೂರ್ವಕ್ಕೆ, ಪೆಸಿಫಿಕ್ ಮೇಲೆ. ನ್ಯೂಯಾರ್ಕಿನಿಂದ ಬರುವಾಗಲೂ ಎಷ್ಟೋ ಸಲ ಪೂರ್ವಕ್ಕೇ, ಅಟ್ಲಾಂಟಿಕ್ ಮತ್ತು ಯುರೋಪ್ ಮೇಲೆ. ಎರಡೂ ಸಲ ಗಾಳಿ ಬೆನ್ನಿಗೆ. ಹೋಗಿ ಬಂದರೆ ಭೂಮಿಗೆ ಒಂದು ಪ್ರದಕ್ಷಿಣೆ ಆಗಿರುತ್ತೆ.

ಕಿಟಕಿಸೀಟು
ಅಬ್ಬಾ. ಇದು ಗೊತ್ತೇ ಇರಲಿಲ್ಲ.

ಸರಳರೇಖೆ
ಗಾಳಿ ಗೀಳಿ ಎಲ್ಲ ಸರಿ. ಆದರೆ ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತೆ. ವಿಮಾನ ಪಶ್ಚಿಮಕ್ಕೆ ಹೊರಟರೆ ಊರೇ ಎದುರಿಗೆ ಬರಬೇಕು, ಬೇಗ ತಲುಪಬೇಕು. ಇದನ್ನು ಯಾರೂ ಲೆಕ್ಕಕ್ಕೇ ತಗೊಂಡಿಲ್ಲ ಯಾಕೆ?

ಗಾಳಿಪಟ
ಯಾಕೆಂದರೆ ಗಾಳಿಯೂ ಭೂಮಿಯ ಜೊತೆಗೇ ತಿರುಗುತ್ತೆ, ರನ್‌ವೇ ಮೇಲೆ ನಿಂತಿರುವ ವಿಮಾನವೂ ತಿರುಗುತ್ತೆ. ಸಮಭಾಜಕದ ಹತ್ತಿರ ನೆಲದ ವೇಗ ಗಂಟೆಗೆ ಸುಮಾರು 1,670 ಕಿ.ಮೀ. ನೀವು ಹೇಳಿದ ಹಾಗಿದ್ದರೆ ನೆಲದಿಂದ ಮೇಲೆದ್ದ ಹೆಲಿಕಾಪ್ಟರ್ ಅಲ್ಲೇ ತೇಲುತ್ತಾ ನಿಂತರೆ ಸಾಕಿತ್ತು, ಒಂದು ಗಂಟೆಯಲ್ಲಿ ಬೇರೆ ದೇಶ.

ಸರಳರೇಖೆ
ಅಂದರೆ ತಿರುಗುವುದಕ್ಕೂ ಹಾರಾಟಕ್ಕೂ ಸಂಬಂಧವೇ ಇಲ್ಲ ಅಂತೀರಾ? ಒಪ್ಪಲ್ಲ.

ಗಾಳಿಪಟ
ಸಂಬಂಧ ಇದೆ, ನೀವು ಹೇಳಿದ ರೀತಿಯದ್ದಲ್ಲ. ಸಮಭಾಜಕದ ಬಿಸಿ ಗಾಳಿ ಧ್ರುವದ ಕಡೆ ಸರಿಯುವಾಗ ಭೂಮಿ ತಿರುಗುವುದರಿಂದಲೇ ಅದು ಪೂರ್ವಕ್ಕೆ ಬಾಗುತ್ತೆ, ಕೊರಿಯೊಲಿಸ್ ಪರಿಣಾಮ. ಜೆಟ್ ಸ್ಟ್ರೀಮ್ ಹುಟ್ಟೋದು ಹಾಗೆ. ಅಂದರೆ ಭೂಮಿ ತಿರುಗುವುದರ ಲಾಭ ಸಿಗುವುದು ಪೂರ್ವಕ್ಕೆ ಹೋಗುವವರಿಗೆ, ಪಶ್ಚಿಮಕ್ಕಲ್ಲ.

ಅಳತೆಕೋಲು
2020ರ ಫೆಬ್ರುವರಿಯಲ್ಲಿ ಕಿಯಾರಾ ಬಿರುಗಾಳಿ ಬಂದಾಗ ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 747 ಒಂದು ನ್ಯೂಯಾರ್ಕಿನಿಂದ ಲಂಡನ್ನಿಗೆ 4 ಗಂಟೆ 56 ನಿಮಿಷದಲ್ಲಿ ಬಂತು. ನೆಲದ ಲೆಕ್ಕದಲ್ಲಿ ಗಂಟೆಗೆ 1,327 ಕಿ.ಮೀ. ವೇಗ ಮುಟ್ಟಿತ್ತು.

ಮೋಡದಾಚೆ
ಅಂದರೆ ಶಬ್ದಕ್ಕಿಂತ ವೇಗ!

ಅಳತೆಕೋಲು
ಅಲ್ಲ. ಸುತ್ತಲಿನ ಗಾಳಿಯ ಲೆಕ್ಕದಲ್ಲಿ ಅದು ಮಾಮೂಲಿ ವೇಗದಲ್ಲೇ ಇತ್ತು, ಉಳಿದದ್ದು ಗಾಳಿಯ ಕೊಡುಗೆ. ನಿಜಕ್ಕೂ ಶಬ್ದವನ್ನು ಮೀರಿ ಹಾರಿದ್ದು ಕಾಂಕಾರ್ಡ್. 1996ರ ಫೆಬ್ರುವರಿ 7ರಂದು ಅದೇ ದಾರಿಯಲ್ಲಿ 2 ಗಂಟೆ 52 ನಿಮಿಷ 59 ಸೆಕೆಂಡ್.

ಪ್ರಯಾಣಪ್ರಿಯ
ಎಲ್ಲ ಓದ್ತಿದ್ದೀನಿ, ಖುಷಿಯಾಗ್ತಿದೆ. ಆದರೆ ಅಮ್ಮ ಎಷ್ಟು ಹೊತ್ತು ಕೂತಿರಬೇಕು ಅನ್ನೋದಕ್ಕೆ ಇನ್ನೂ ಉತ್ತರ ಬಂದಿಲ್ಲ. 17:52 ಮತ್ತು 18:40ರ ಮಧ್ಯದ ಆ ಮುಕ್ಕಾಲು ಗಂಟೆ ಏನು?

ಹಾರಾಟಲೆಕ್ಕ
ನಾನು ಹಾರಾಟದ ಯೋಜನೆ ಹಾಕುವ ಕೆಲಸದಲ್ಲಿದ್ದವನು, ಈಗ ನಿವೃತ್ತ. ಟಿಕೆಟ್ಟಿನಲ್ಲಿರುವುದು ಬ್ಲಾಕ್ ಟೈಮ್. ವಿಮಾನ ಗೇಟಿನಿಂದ ಹಿಂದಕ್ಕೆ ಸರಿದ ಕ್ಷಣದಿಂದ ಇನ್ನೊಂದು ಊರಿನ ಗೇಟಿನಲ್ಲಿ ನಿಲ್ಲುವವರೆಗಿನದ್ದು. ಅದರಲ್ಲಿ ರನ್‌ವೇವರೆಗೆ ಉರುಳುವುದು, ಸರದಿಯಲ್ಲಿ ಕಾಯುವುದು, ಇಳಿದ ಮೇಲೆ ಗೇಟ್ ಹುಡುಕುವುದು ಎಲ್ಲ ಸೇರಿದೆ. ಕೆನಡಿಯಂಥ ಕಿಕ್ಕಿರಿದ ನಿಲ್ದಾಣದಲ್ಲಿ ಇದಕ್ಕೇ ಅರ್ಧ ಗಂಟೆ ಸುಲಭವಾಗಿ ಹೋಗುತ್ತದೆ.

ಇನ್ನು ದಾರಿ. ಪ್ರತಿ ದಿನ ಹೊಸದಾಗಿ ಲೆಕ್ಕ ಹಾಕುತ್ತೇವೆ. ಅವತ್ತಿನ ಗಾಳಿ, ಬಿರುಗಾಳಿ, ಮುಚ್ಚಿರುವ ವಾಯುಪ್ರದೇಶ, ದಾರಿಯಲ್ಲಿ ತುರ್ತಾಗಿ ಇಳಿಯಬಹುದಾದ ನಿಲ್ದಾಣಗಳು, ವಿಮಾನದ ತೂಕ. ನಿನ್ನೆಯ ದಾರಿ ಇವತ್ತು ಇರಲ್ಲ. ಧ್ರುವದ ದಾರಿ ಹಿಡಿದರೆ ಇನ್ನಷ್ಟು ಎಚ್ಚರ. ಜೆಟ್ ಎ-1 ಇಂಧನ ಮೈನಸ್ 47 ಡಿಗ್ರಿಗೆ ಹೆಪ್ಪುಗಟ್ಟಲು ಶುರುವಾಗುತ್ತದೆ, ಹಾಗಾಗಿ ಟ್ಯಾಂಕಿನ ತಾಪಮಾನ ಕಾಯಬೇಕು. ಸಂಪರ್ಕಕ್ಕೆ ಬಳಸುವ, ಸಮಭಾಜಕದ ಮೇಲೆ ಒಂದೇ ಕಡೆ ನಿಂತಂತಿರುವ ಭೂಸ್ಥಿರ ಉಪಗ್ರಹಗಳು ಅಲ್ಲಿಗೆ ಕಾಣುವುದಿಲ್ಲ. ಸೌರ ಬಿರುಗಾಳಿ ಎದ್ದರೆ ರೇಡಿಯೋ ಸಂಪರ್ಕವೂ ಕೈಕೊಡುತ್ತದೆ.

ತೂಕದ ಮಾತು ಯಾರೂ ಎತ್ತಲಿಲ್ಲ. ಈ ದಾರಿಗೆ ಹಾರುವುದು ಏರ್‌ಬಸ್ ಎ350-900 ಯುಎಲ್‌ಆರ್, ಅತಿ ದೂರ ಹಾರಲೆಂದೇ ಮಾಡಿದ ಮಾದರಿ. ಅದು ಹಿಡಿಯುವ ಇಂಧನ 1,65,000 ಲೀಟರ್, ಪೂರ್ತಿ ತುಂಬಿದರೆ ಸುಮಾರು 130 ಟನ್. ಹೊರಡುವಾಗ ವಿಮಾನದ ಗರಿಷ್ಠ ತೂಕ 280 ಟನ್. ಅಂದರೆ ಹತ್ತಿರ ಹತ್ತಿರ ಅರ್ಧ ತೂಕ ಇಂಧನದ್ದೇ. ಮೊದಲ ಗಂಟೆಗಳಲ್ಲಿ ಸುಡುವ ಇಂಧನದ ದೊಡ್ಡ ಪಾಲು ಉಳಿದ ಇಂಧನವನ್ನು ಹೊರುವುದಕ್ಕೇ ಖರ್ಚಾಗುತ್ತದೆ. ಅಷ್ಟು ಭಾರ ಇರುವಾಗ ಒಮ್ಮೆಗೇ ಮೇಲಕ್ಕೆ ಹೋಗಲಾಗುವುದಿಲ್ಲ. ಸುಟ್ಟಂತೆಲ್ಲ ಹಗುರಾಗಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಇದಕ್ಕೇ ಆ ವಿಮಾನದಲ್ಲಿ ಬರೀ 161 ಆಸನ: 67 ಬಿಸಿನೆಸ್, 94 ಪ್ರೀಮಿಯಂ ಎಕಾನಮಿ. ಸಾದಾ ಎಕಾನಮಿ ಇಲ್ಲವೇ ಇಲ್ಲ.

ಸರಳರೇಖೆ
ಬ್ಲಾಕ್ ಟೈಮ್ ಹೆಸರಲ್ಲಿ ಕಂಪನಿಗಳು ಬೇಕಂತಲೇ ಸಮಯ ಉಬ್ಬಿಸುತ್ತವೆ. ಆಮೇಲೆ ‘ನಾವು ಸಮಯಕ್ಕೆ ಮುಂಚೆ ತಲುಪಿದೆವು’ ಅಂತ ಹೇಳಿಕೊಳ್ಳೋಕೆ. ಪ್ರಯಾಣಿಕರಿಗೆ ಇದು ಮೋಸ.

ಹಾರಾಟಲೆಕ್ಕ
ಉಬ್ಬಿಸುವುದು ಇದೆ, ಅಲ್ಲಗಳೆಯುವುದಿಲ್ಲ. ಮೋಸ ಅನ್ನುವುದನ್ನು ಒಪ್ಪಲಾರೆ. ವೇಳಾಪಟ್ಟಿ ಪ್ರಕಟವಾಗುವುದು ತಿಂಗಳುಗಟ್ಟಲೆ ಮುಂಚೆ, ಆ ದಿನದ ಗಾಳಿ ಯಾರಿಗೂ ಗೊತ್ತಿರುವುದಿಲ್ಲ. ಹಿಂದಿನ ವರ್ಷಗಳ ದಾಖಲೆ ನೋಡಿ, ಹೆಚ್ಚಿನ ದಿನಗಳಲ್ಲಿ ತಲುಪಬಹುದಾದ ಸಮಯ ಕೊಡುತ್ತಾರೆ. ಸರಾಸರಿ ಕೊಟ್ಟರೆ ಅರ್ಧದಷ್ಟು ದಿನಗಳಲ್ಲಿ ವಿಮಾನ ತಡವಾಗುತ್ತದೆ, ಮುಂದಿನ ವಿಮಾನ ತಪ್ಪಿಸಿಕೊಂಡವರ ಗತಿ ಏನು?

ಸರಳರೇಖೆ
ಗಾಳಿ ಒಮ್ಮೆ ಎದುರು, ಒಮ್ಮೆ ಹಿಂದೆ. ಹೋಗಿ ಬರುವುದರಲ್ಲಿ ಸರಿಹೋಗಬೇಕಲ್ಲ. ಉಬ್ಬಿಸುವ ಅಗತ್ಯ ಎಲ್ಲಿದೆ?

ರೇಖಾಂಶ
ಸರಿಹೋಗಲ್ಲ, ಗಣಿತವೇ ಬಿಡಲ್ಲ. 9,000 ಕಿ.ಮೀ. ದಾರಿ, ವೇಗ 900, ಗಾಳಿ 100 ಅಂತಿಟ್ಟುಕೊಳ್ಳಿ. ಗಾಳಿ ಇಲ್ಲದಿದ್ದರೆ ಹತ್ತು ಹತ್ತು, ಇಪ್ಪತ್ತು ಗಂಟೆ. ಗಾಳಿ ಇದ್ದರೆ ಹೋಗೋಕೆ 9 ಗಂಟೆ, ಬರೋಕೆ 11 ಗಂಟೆ 15 ನಿಮಿಷ. ಒಟ್ಟು 20 ಗಂಟೆ 15 ನಿಮಿಷ. ಎದುರುಗಾಳಿಯಲ್ಲಿ ಕಳೆಯುವ ಹೊತ್ತು ಹೆಚ್ಚು, ಅದಕ್ಕೇ ಕಳೆದುಕೊಂಡದ್ದು ಪೂರ್ತಿ ವಾಪಸ್ ಬರಲ್ಲ. ಸಿಡ್ನಿ–ಜೊಹಾನ್ಸ್‌ಬರ್ಗ್ ನೋಡಿ, 11,000 ಕಿ.ಮೀ. ಚಿಲ್ಲರೆ. ಸಿಡ್ನಿಯಿಂದ ಪಶ್ಚಿಮಕ್ಕೆ ಸುಮಾರು 14 ಗಂಟೆ, ವಾಪಸ್ 12ರ ಹತ್ತಿರ.

ನಡುಸೀಟು
ನನ್ನ ಪ್ರಶ್ನೆ ಬೇರೆ. ರಾತ್ರಿ 12ಕ್ಕೆ ಸಿಂಗಪುರ ಬಿಟ್ಟು ಅದೇ ತಾರೀಕು ಬೆಳಿಗ್ಗೆ ನ್ಯೂಯಾರ್ಕಲ್ಲಿ ಇಳೀತಾರೆ ಅಂತಾರಲ್ಲ, ಅದು ಆರೂಮುಕ್ಕಾಲು ಗಂಟೆ ಪ್ರಯಾಣದ ಹಾಗೆ ಕಾಣುತ್ತೆ.

ಅಳತೆಕೋಲು
ಗಡಿಯಾರ ಬೇರೆ, ಪ್ರಯಾಣ ಬೇರೆ. ಸಿಂಗಪುರ ಸಾರ್ವತ್ರಿಕ ಸಮಯಕ್ಕಿಂತ (ಎಲ್ಲ ದೇಶಗಳ ಗಡಿಯಾರಕ್ಕೂ ಆಧಾರವಾದ ಯುಟಿಸಿ) 8 ಗಂಟೆ ಮುಂದೆ. ನ್ಯೂಯಾರ್ಕ್ ಬೇಸಿಗೆಯಲ್ಲಿ 4 ಗಂಟೆ ಹಿಂದೆ, ಚಳಿಗಾಲದಲ್ಲಿ 5. ಬೇಸಿಗೆ ಅಂದುಕೊಳ್ಳಿ, ಅಂತರ 12. ರಾತ್ರಿ 12ಕ್ಕೆ ಹೊರಟು 18 ಗಂಟೆ 40 ನಿಮಿಷ ಹಾರಿದರೆ ಸಿಂಗಪುರದಲ್ಲಿ ಸಂಜೆ 6:40. ಅದರಲ್ಲಿ 12 ಕಳೆದರೆ ಅದೇ ದಿನ ಬೆಳಿಗ್ಗೆ 6:40.

ವಾಪಸ್ ಬರುವಾಗ ಉಲ್ಟಾ. ಸೋಮವಾರ ರಾತ್ರಿ 10ಕ್ಕೆ ನ್ಯೂಯಾರ್ಕ್ ಬಿಟ್ಟರೆ ಇಳಿಯುವುದು ಬುಧವಾರ ನಸುಕಿಗೆ ಐದರ ಹೊತ್ತಿಗೆ. ಮಂಗಳವಾರ ಪೂರ್ತಿ ಆಕಾಶದಲ್ಲೇ ಕಳೆದುಹೋಗುತ್ತೆ. ಹೋಟೆಲ್ ಬುಕ್ ಮಾಡುವಾಗ ತುಂಬಾ ಜನ ಇಲ್ಲೇ ಎಡವೋದು.

ಶುಶ್ರೂಷಕಿ
ಪ್ರಯಾಣಪ್ರಿಯ ಅವರೇ, ಅಮ್ಮನ ಬಗ್ಗೆ ಹೇಳ್ತೀನಿ. ಗಂಟೆಗಟ್ಟಲೆ ಕದಲದೆ ಕೂತರೆ ಕಾಲಿನ ಒಳ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತೆ. ವಯಸ್ಸಾದವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರು, ಮುಂಚೆ ಒಮ್ಮೆ ಹೀಗೆ ಆದವರು ಹೊರಡುವ ಮುಂಚೆ ವೈದ್ಯರನ್ನು ಕಾಣಲೇಬೇಕು. ಕಾಲಿಗೆ ಹಾಕುವ ಬಿಗಿ ಸಾಕ್ಸ್ ಬೇಕೋ ಬೇಡವೋ ಅವರೇ ಹೇಳಲಿ. ಓಡಾಡುವ ದಾರಿಯ ಪಕ್ಕದ ಸೀಟು ತಗೊಳ್ಳಿ, ಎದ್ದು ನಡೆಸಿ, ಕೂತಲ್ಲೇ ಪಾದ ಮೇಲೆ ಕೆಳಗೆ ಆಡಿಸೋಕೆ ಹೇಳಿ. ಶೌಚಕ್ಕೆ ಏಳಬೇಕಾಗುತ್ತೆ ಅಂತ ನೀರು ಕುಡಿಯದೇ ಇರ್ತಾರೆ, ಅದನ್ನು ಬಿಡಿಸಿ. ಮಾತ್ರೆಗಳನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ. ಹೊತ್ತು ಹೊತ್ತಿಗೆ ಇನ್ಸುಲಿನ್ ತಗೊಳ್ಳುವವರಾದರೆ 12 ಗಂಟೆ ಅಂತರಕ್ಕೆ ಹೇಗೆ ಹೊಂದಿಸಬೇಕು ಅಂತ ಮೊದಲೇ ಬರೆಸಿಕೊಂಡಿರಿ.

ಕಿಟಕಿಸೀಟು
ಮಧ್ಯೆ ಒಂದು ಕಡೆ ಇಳಿದು ಹೋಗೋದು ಒಳ್ಳೇದಲ್ವಾ? ಫ್ರಾಂಕ್‌ಫರ್ಟ್ ಮೇಲೆ ಹೋಗುವ ವಿಮಾನವೂ ಇದೆ. ಸಿಂಗಪುರ–ಫ್ರಾಂಕ್‌ಫರ್ಟ್ ಸುಮಾರು 10,300 ಕಿ.ಮೀ., ಅಲ್ಲಿಂದ ಕೆನಡಿಗೆ ಸುಮಾರು 6,200. ಒಟ್ಟು 16,500.

ಹಾರಾಟಲೆಕ್ಕ
ದೂರ ಅಷ್ಟೇನೂ ಜಾಸ್ತಿ ಆಗುವುದಿಲ್ಲ ನಿಜ, ಆದರೆ ಇಳಿಯುವುದು, ಕಾಯುವುದು, ಮತ್ತೆ ಏರುವುದು ಸೇರಿ ಮೂರ್ನಾಲ್ಕು ಗಂಟೆಯಾದರೂ ಹೆಚ್ಚುತ್ತದೆ. ಯುರೋಪಿನಿಂದ ನ್ಯೂಯಾರ್ಕಿಗೆ ಹೋಗುವಾಗ ಗಾಳಿ ಎದುರಿಗೆ, ಅದೂ ನೆನಪಿರಲಿ.

ಶುಶ್ರೂಷಕಿ
ನನ್ನ ಮಟ್ಟಿಗೆ, ನಡೆಯೋಕೆ ತೊಂದರೆ ಇಲ್ಲದವರಿಗೆ ಮಧ್ಯದ ನಿಲುಗಡೆ ಒಳ್ಳೆಯದು, ಕಾಲು ಆಡುತ್ತೆ. ಮಂಡಿ ನೋವಿದ್ದು ಗಾಲಿಕುರ್ಚಿ ಬೇಕಾದವರಿಗೆ ಒಂದೇ ಸಲ ಹತ್ತಿ ಒಂದೇ ಸಲ ಇಳಿಯುವುದೇ ವಾಸಿ. ಮಧ್ಯರಾತ್ರಿಯಲ್ಲಿ ಎಬ್ಬಿಸಿ ಗೇಟಿಂದ ಗೇಟಿಗೆ ಅಲೆಸಿದರೆ ವಯಸ್ಸಾದವರು ಸುಸ್ತಾಗಿಬಿಡ್ತಾರೆ.

ಪ್ರಯಾಣಪ್ರಿಯ
ಅಮ್ಮನಿಗೆ ಮಂಡಿ ನೋವಿದೆ. ಹಾಗಾದರೆ ನೇರ ವಿಮಾನವೇ ಇರಲಿ. ವೈದ್ಯರನ್ನು ಈ ವಾರವೇ ಕಾಣ್ತೀವಿ. ತುಂಬಾ ಉಪಕಾರವಾಯ್ತು.

ನಡುಸೀಟು
ವಿಷಯ ಸ್ವಲ್ಪ ಆಚೆ ಹೋಗ್ತೀನಿ. ದೂರ ಬದಲಾಗದೆ ಸಮಯ ಬದಲಾಗೋಕೆ ಗಾಳಿ ಒಂದೇ ಕಾರಣ ಅಲ್ಲ. 2022ರಲ್ಲಿ ರಷ್ಯಾ ತನ್ನ ಆಕಾಶವನ್ನು ಯುರೋಪಿನ ಕಂಪನಿಗಳಿಗೆ ಮುಚ್ಚಿದ ಮೇಲೆ ಫಿನ್‌ಲ್ಯಾಂಡಿನ ಫಿನ್‌ಏರ್ ಕಂಪನಿಯ ಹೆಲ್ಸಿಂಕಿ–ಟೋಕಿಯೊ ಹಾರಾಟ ಒಂಬತ್ತೂವರೆ ಗಂಟೆಯಿಂದ ಸುಮಾರು 13 ಗಂಟೆಗೆ ಹೋಯ್ತು. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ಭಾರತದ ವಿಮಾನಗಳಿಗೆ ಆಕಾಶ ಮುಚ್ಚಿದಾಗ ದೆಹಲಿಯಿಂದ ಅಮೆರಿಕಕ್ಕೆ ಹೋಗುವ ಕೆಲವು ವಿಮಾನಗಳು ಯುರೋಪಿನಲ್ಲಿ ಇಂಧನಕ್ಕೆ ಇಳಿಯಬೇಕಾಯ್ತು. ಊರುಗಳ ಮಧ್ಯದ ದೂರ ಒಂದು ಮೀಟರ್ ಕೂಡ ಬದಲಾಗಿರಲಿಲ್ಲ.

ಮೋಡದಾಚೆ
ಇದಕ್ಕಿಂತ ಉದ್ದದ ದಾರಿ ಬರುತ್ತಾ? ಸಿಡ್ನಿ–ಲಂಡನ್ ಮಾತಾಡ್ತಿದ್ರು.

ಹಾರಾಟಲೆಕ್ಕ
ಅದು ಆಸ್ಟ್ರೇಲಿಯಾದ ವಿಮಾನ ಕಂಪನಿ ಕ್ವಾಂಟಸ್‌ನ ಯೋಜನೆ, ಪ್ರಾಜೆಕ್ಟ್ ಸನ್‌ರೈಸ್. ದೂರ ಸುಮಾರು 17,000 ಕಿ.ಮೀ., ಎ350-1000ರಲ್ಲಿ ಇಂಧನ ಟ್ಯಾಂಕ್ ಹೆಚ್ಚಿಸಿ. 2019ರ ನವೆಂಬರ್‌ನಲ್ಲಿ ಸುಮಾರು 50 ಜನರನ್ನಷ್ಟೇ ಕೂರಿಸಿ ಲಂಡನ್ನಿನಿಂದ ಸಿಡ್ನಿಗೆ ಪರೀಕ್ಷೆಗೆ ಹಾರಿಸಿದಾಗ 19 ಗಂಟೆ 19 ನಿಮಿಷ ಆಗಿತ್ತು. ಭೂಮಿಯ ಸುತ್ತಳತೆ 40,000 ಕಿ.ಮೀ. ಅಂದಮೇಲೆ ಯಾವ ಎರಡು ಊರಿನ ಮಧ್ಯೆಯೂ 20,000ಕ್ಕಿಂತ ಹೆಚ್ಚಿನ ದೂರ ಇರಲಾರದು. ಇನ್ನು ಉಳಿದಿರುವುದು ಸ್ವಲ್ಪವೇ.

ಸರಳರೇಖೆ
ಅಷ್ಟು ಹೊತ್ತು ಒಬ್ಬನೇ ಪೈಲಟ್ ಎಚ್ಚರ ಇರ್ತಾನಾ?

ಹಾರಾಟಲೆಕ್ಕ
ಇಲ್ಲ. ಸಿಂಗಪುರ–ನ್ಯೂಯಾರ್ಕಿಗೆ ನಾಲ್ವರು ಪೈಲಟ್‌ಗಳು. ಸರದಿಯ ಮೇಲೆ ಮಲಗುತ್ತಾರೆ, ಅದಕ್ಕೆ ಬೇರೆ ಕೋಣೆಯೇ ಇದೆ.

ಕಿಟಕಿಸೀಟು
ಕೊನೇ ಪ್ರಶ್ನೆ. ಹೋಗುವಾಗಲೂ ಪೂರ್ವ, ಬರುವಾಗಲೂ ಪೂರ್ವ ಅಂದರೆ ಭೂಮಿ ಸುತ್ತು ಹಾಕಿದ ಹಾಗಾಯ್ತಲ್ಲ. ಒಂದು ದಿನ ಲಾಭ ಆಗುತ್ತಾ?

ರೇಖಾಂಶ
ಗಂಟೆ ಒಂದೂ ಲಾಭ ಇಲ್ಲ. ಸಿಂಗಪುರದಲ್ಲೇ ಉಳಿದವರಿಗೆ ಎಷ್ಟು ಗಂಟೆ ಕಳೆದಿರುತ್ತೋ ನಿಮಗೂ ಅಷ್ಟೇ, ವಾಪಸ್ ಬಂದಾಗ ತಾರೀಕೂ ಒಂದೇ. ಆದರೆ ಅವರು ನೋಡಿದ್ದಕ್ಕಿಂತ ಒಂದು ಸೂರ್ಯೋದಯ ಜಾಸ್ತಿ ನೋಡಿರ್ತೀರಿ. ಪೆಸಿಫಿಕ್ ಮಧ್ಯದ ದಿನಾಂಕ ರೇಖೆ ಪೂರ್ವಕ್ಕೆ ದಾಟುವಾಗ ತಾರೀಕು ಒಂದು ಹಿಂದಕ್ಕೆ ಹೋಗುತ್ತಲ್ಲ, ಅದು ಇದನ್ನು ಸರಿದೂಗಿಸೋಕೇ ಇರೋದು.